ತಂಗಿಯ ಅರ್ಜಿಯಲ್ಲಿ ನನ್ನ ನಂಬರು

ನನ್ನ ತಂಗಿ ನೀಲವ್ವನಿಗೆ ಕೋರ್ಟಿನಿಂದ ಪುಕ್ಕಟೆ ಸಿಕ್ಕಿದ್ದ ವಕೀಲರನ್ನು ಬೇಡವೆಂದವಳು ನೀಲವ್ವ ಅಲ್ಲ, ನಾನು. ಆಕೆಯ ಹೆಸರು ಹೇಳಿಕೊಂಡು, ಫೋನಿನಲ್ಲಿ ಆಕೆಯಂತೆಯೇ ಮಾತಾಡಿ, ಬೇಡ ಅಂದೆ. ಆರು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ.

ನಾನು ಓದಿದ್ದು ಏಳನೆಯ ತರಗತಿ. ಯಲಬುರ್ಗಾದ ತಹಶೀಲ್ದಾರ್ ಕಚೇರಿಯ ಹತ್ತಿರ ಒಂದು ಆನ್‌ಲೈನ್ ಅಂಗಡಿಯಲ್ಲಿ ಅರ್ಜಿ ತುಂಬುವುದು ನನ್ನ ಕೆಲಸ. ಪಿಂಚಣಿ, ರೇಷನ್ ಕಾರ್ಡು, ಜಾತಿ ಪ್ರಮಾಣಪತ್ರ — ಯಾವ ಕಾಲಂ ಎಲ್ಲಿದೆ ಎಂದು ಕೈಗೇ ಗೊತ್ತು. ನನ್ನನ್ನೂ ನೀಲವ್ವನನ್ನೂ ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಟ್ಟಿದ್ದರು. ಅಕ್ಕ ಇದ್ದ ಮನೆಯಲ್ಲಿ ತಂಗಿಗೆ ಕಷ್ಟ ಬರುವುದಿಲ್ಲ ಎಂದು ನಮ್ಮವ್ವ ನಂಬಿದ್ದಳು. ಮೂರನೆಯ ವರ್ಷಕ್ಕೆ ನನ್ನ ಮೈದುನ, ಅಂದರೆ ನೀಲವ್ವನ ಗಂಡ, ಇನ್ನೊಬ್ಬಳನ್ನು ಕರೆತಂದ. ನೀಲವ್ವ ಮೊಲೆ ಬಿಡದ ಮಗಳನ್ನು ಎತ್ತಿಕೊಂಡು ತವರೂರು ನವಲಿಗೆ ಹೋದಳು, ಗದ್ದೆಯಲ್ಲಿ ನಾಟಿ ಹಚ್ಚುವ ಕೂಲಿಗೆ ನಿಂತಳು.

ಕೋರ್ಟಿನಲ್ಲಿ ಹೆಂಗಸರಿಗೆ ವಕೀಲರನ್ನು ಪುಕ್ಕಟೆ ಕೊಡುತ್ತಾರೆ ಎಂದು ಆಕೆಗೆ ಹೇಳಿದವಳೂ ನಾನೇ. ಹಬ್ಬಕ್ಕೆ ಹೋದಾಗ ಮಾತಿಗೆ ಮಾತು ಬಂದು ಹೇಳಿದ್ದೆ. ಆಕೆ ಅದನ್ನು ಬಿಗಿಯಾಗಿ ಹಿಡಿದುಕೊಂಡಳು. ಗಂಗಾವತಿ, ಕೊಪ್ಪಳದಲ್ಲಿ ಬಸ್ಸು ಬದಲಿಸಿ ನಮ್ಮ ಅಂಗಡಿಗೇ ಬಂದು ಕುಳಿತಳು. ಗಂಡನಿಂದ ಜೀವನಾಂಶ ಕೇಳಲು ವಕೀಲರು ಬೇಕೆಂಬ ಅರ್ಜಿಯನ್ನು ನಾನೇ ತುಂಬಿದೆ. ಮೊಬೈಲ್ ನಂಬರಿನ ಕಾಲಂ ಬಂತು. ಆಕೆಯ ಬಳಿ ಫೋನಿರಲಿಲ್ಲ.

“ನಿಂದ ಹಾಕ ಅಕ್ಕಾ. ನೀ ಬ್ಯಾರೆ, ನಾ ಬ್ಯಾರೆ ಏನ?” ಅಂದಳು.

ಹಾಕಿದೆ. ಆಗ ನನ್ನ ಮನಸ್ಸಿನಲ್ಲಿ ಮೋಸವಿರಲಿಲ್ಲ — ಆದರೆ ಅದು ಬರಲು ಎರಡು ವಾರ ಸಾಕಾಯಿತು.

ಸುದ್ದಿ ಹೇಗೋ ಅತ್ತೆಗೆ ಮುಟ್ಟಿತು. ರೊಟ್ಟಿ ಬಡಿಯುತ್ತಿದ್ದ ನನ್ನ ಹಿಂದೆ ಬಂದು ನಿಂತು, ಸಿಟ್ಟೇ ಇಲ್ಲದ ದನಿಯಲ್ಲಿ, “ನಿನ್ನ ತಂಗಿ ಕೋರ್ಟ್ ಹತ್ತಿದ ದಿನ ನೀನೂ ಗಂಟು ಕಟ್ಟವಾ. ಅಕ್ಕತಂಗೇರು ಕೂಡೇ ಇರ್ರಿ, ಛಲೋ ಆಗತೈತಿ” ಅಂದಳು. ಅಲ್ಲೇ ಉಣ್ಣುತ್ತಿದ್ದ ನನ್ನ ಗಂಡ ಇನ್ನೊಂದು ರೊಟ್ಟಿ ಕೇಳಿದ.

ಮರುವಾರ ನಾನು ಹಿತ್ತಲಲ್ಲಿದ್ದಾಗ ಗಂಗಾವತಿಯ ಕೋರ್ಟಿನಿಂದ ಫೋನು ಬಂತು. ಹೆಂಗಸಿನ ದನಿ. ನೀಲವ್ವ ಅವರಾ, ನಿಮಗೆ ವಕೀಲರನ್ನು ಕೊಟ್ಟಿದ್ದೇವೆ, ಸೋಮವಾರ ಬನ್ನಿ ಎಂದರು. ನಾನು ಆಕೆಯ ಅಕ್ಕ, ತಿಳಿಸುತ್ತೇನೆ — ಇಷ್ಟು ಹೇಳಿದ್ದರೆ ಸಾಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

“ಹೌದ್ರಿ, ನಾನ ನೀಲವ್ವ. ನಮ್ಮೊಳಗ ರಾಜಿ ಆಗೈತ್ರಿ. ವಕೀಲರು ಬ್ಯಾಡ್ರಿ.”

ಆ ಹೆಂಗಸು ಕೂಡಲೇ ಫೋನು ಇಡಲಿಲ್ಲ. ಯಾರಾದರೂ ಒತ್ತಾಯ ಮಾಡಿದ್ದಾರೆಯೇ ಎಂದು ಕೇಳಿದರು. ಇಲ್ರಿ ಅಂದೆ. ಅತ್ತೆ ಹೆದರಿಸಿದ್ದು ನಿಜ. ಆದರೆ ಆ ಹೊತ್ತಿನಲ್ಲಿ ಹಿತ್ತಲಲ್ಲಿ ನನ್ನ ಹತ್ತಿರ ಯಾರೂ ಇರಲಿಲ್ಲ. ನನ್ನ ಮನೆ ಉಳಿಯಲಿ ಎಂದು ತಂಗಿಯ ಬಾಗಿಲನ್ನು ನಾನೇ ಮುಚ್ಚಿದೆ.

ಆಮೇಲೆ ಸಿಕ್ಕಾಗಲೆಲ್ಲ ನೀಲವ್ವ, ಕೋರ್ಟಿನಿಂದ ಫೋನು ಬಂತೇ ಎಂದು ಕೇಳುತ್ತಿದ್ದಳು. ಬಂದಿಲ್ಲ ಅನ್ನುತ್ತಿದ್ದೆ. ಒಮ್ಮೆ ನಗುತ್ತ, “ಕೋರ್ಟಿನವರ ಫೋನಿನ್ಯಾಗೂ ಕರೆನ್ಸಿ ಇಲ್ಲ ಕಾಣತೈತಿ, ಅಕ್ಕಾ” ಅಂದಳು. ನಾನೂ ನಕ್ಕೆ. ಆ ನಗು — ಅದರ ಬಗ್ಗೆ ಏನು ಬರೆಯಲಿ. ಅದಾದ ಮೇಲೆ ಆಕೆ ಕೇಳುವುದನ್ನೇ ಬಿಟ್ಟಳು.

ಹೋದ ವರ್ಷ ನಾನೇ ಒಂದು ಅರ್ಜಿ ನಮೂನೆ ಮಾಡಿದೆ. ಫೋನಿನಲ್ಲಿ ಒತ್ತಿದರೆ ತೆರೆಯುತ್ತದೆ, ತುಂಬಿ ಕಳಿಸಬಹುದು, ಇಲ್ಲವೇ ಪ್ರಿಂಟ್ ತೆಗೆದು ಪುಕ್ಕಟೆ ವಕೀಲರು ಸಿಗುವ ಕಚೇರಿಗೆ ಒಯ್ಯಬಹುದು. ಯಾರೂ ಕಲಿಸಲಿಲ್ಲ, ವಿಡಿಯೊ ನೋಡಿ, ಕೆಡಿಸಿ, ಮತ್ತೆ ಮಾಡಿ ಕಲಿತೆ. ‘ಪ್ರತಿವಾದಿ’ ಎಂದು ಇದ್ದಲ್ಲಿ ‘ಯಾರ ಮೇಲೆ ದೂರು?’ ಎಂದು ಬರೆದೆ. ಈಗ ಕುಕನೂರು, ಕುಷ್ಟಗಿಯ ಹೆಂಗಸರ ಸಂಘಗಳಲ್ಲೂ ಅದು ಓಡಾಡುತ್ತಿದೆ. ನನಗೆ ಈ ಕೆಲಸ ಬರುತ್ತದೆ. ಅದನ್ನು ಹೇಳಲು ಅಂಜಿಕೆಯಿಲ್ಲ.

ನಂಬರಿನ ಕೆಳಗೆ ಒಂದು ಕಾಲಂ ಇಟ್ಟಿದ್ದೇನೆ: ‘ಈ ನಂಬರು ಯಾರದು? ಫೋನು ಬಂದರೆ ನಿಮ್ಮ ಕೈಗೇ ಸಿಗುತ್ತದೆಯೇ?’ ಅದನ್ನು ನೋಡಿದ ವಕೀಲರೊಬ್ಬರು ಬಹಳ ಮೆಚ್ಚಿದರು. “ಇದು ನಿಮಗ ಹೆಂಗ ಹೊಳೀತ್ರಿ?” ಎಂದು ಕೇಳಿದರು. ಅನುಭವ ರೀ ಅಂದೆ. ಆ ಹೊಗಳಿಕೆ ಹೊತ್ತುಕೊಂಡು ಸುಮ್ಮನಿರಲು ನನ್ನಿಂದ ಆಗಲಿಲ್ಲ.

ಮರುದಿನ ಗಂಡನಿಗೂ ಅತ್ತೆಗೂ ಕೇಳುವಂತೆ, ನೀಲವ್ವನ ಅರ್ಜಿ ತುಂಬಲು ಹೋಗುತ್ತೇನೆ ಎಂದು ಹೇಳಿ ನವಲಿಯ ದಾರಿ ಹಿಡಿದೆ. ಗಂಟು ಕಟ್ಟಬೇಕಾದರೆ ಬಂದ ಮೇಲೆ ಕಟ್ಟುತ್ತೇನೆ ಎಂದೂ ಹೇಳಿದೆ.

ನೀಲವ್ವನಿಗೆ ಎಲ್ಲವನ್ನೂ ಹೇಳಿದೆ. ಜೀವನಾಂಶ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಸಿಗುತ್ತದೆ, ಹಿಂದಿನ ಆರು ವರ್ಷ ತಿರುಗಿ ಬರುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಆಕೆ ಮೊರದಲ್ಲಿದ್ದ ಅಕ್ಕಿಯನ್ನು ಪೂರ್ತಿ ಹಸನು ಮಾಡಿ ಮುಗಿಸಿ, “ತಗಿ ನಿನ್ನ ಫೋನ್” ಅಂದಳು.

ತುಂಬತೊಡಗಿದೆ. ಈಗ ಆಕೆಗೆ ಸ್ವಂತ ಫೋನಿದೆ. ನಂಬರು ಹೇಳಿದಳು, ಬರೆದೆ. ಆಕೆಗೆ ಅಕ್ಷರ ಬರುವುದಿಲ್ಲ, ಅಂಕಿ ಬರುತ್ತವೆ. ನನ್ನ ಕೈಯಿಂದ ಫೋನು ತೆಗೆದುಕೊಂಡು, ಹತ್ತು ಅಂಕಿಗಳ ಮೇಲೂ ಬೆರಳಿಟ್ಟು ನೋಡಿದಳು. ಎರಡು ಸಲ.

ಕೊನೆಯ ಕಾಲಂ: ‘ಮೊದಲು ಅರ್ಜಿ ಹಾಕಿದ್ದಿರಾ? ಏನಾಯಿತು?’

“ಇದ್ದದ್ದು ಇದ್ದಂಗ ಬರಿ,” ಅಂದಳು.

‘ಹಾಕಿದ್ದೆ. ವಕೀಲರು ಸಿಕ್ಕಿದ್ದರು. ನನ್ನ ಅಕ್ಕ ನನ್ನ ಹೆಸರಿನಲ್ಲಿ ಮಾತಾಡಿ ಬೇಡವೆಂದಳು. ನನಗೆ ತಿಳಿಸಲಿಲ್ಲ.’ ಬರೆದು ಓದಿ ಹೇಳಿದೆ. ಇನ್ನೊಮ್ಮೆ ಓದಿಸಿದಳು. ಆಮೇಲೆ ಕಳಿಸುವ ಗುಂಡಿಯನ್ನು ತಾನೇ ಒತ್ತಿದಳು.

ಇದೆಲ್ಲ ಆಗಿ ಮೂರು ವಾರವಾಯಿತು. ಗಂಗಾವತಿಯಿಂದ ಫೋನು ಬಂದಿರಬಹುದು, ಬಂದಿಲ್ಲದಿರಬಹುದು. ನೀಲವ್ವ ಹೇಳಿಲ್ಲ — ನಾನು ಕೇಳುವುದೂ ಇಲ್ಲ.