ಕೋಡಿ

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ನನ್ನ ತಂಗಿಗೆ ಚಿಕ್ಕಂದಿನಲ್ಲಿ ಜ್ವರ ಬಂದು ಕಿವಿ ಹೋಯಿತು; ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿಯುತ್ತಾಳೆ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು ಅವಳ ಕೆಲಸ. ಆಗೆಲ್ಲ ಪ್ರಕಾಶಕರ ಫೋನು ನನಗೇ ಬರುತ್ತಿತ್ತು. ನಮ್ಮೂರು ಸುಗಟೂರಿನಲ್ಲಿ ನನ್ನನ್ನು "ಏನ್ಲಾ ಮ್ಯಾನೇಜರು" ಎಂದು ರೇಗಿಸುತ್ತಿದ್ದರು. ನನಗೂ ಅದು ಹಿಡಿಸಿತ್ತು.

ಒಮ್ಮೆ ಅವಳಿಗೆ ಕೆರೆಯ ಕಥೆಯೊಂದು ಸಿಕ್ಕಿತ್ತು. ಇಡೀ ಪುಸ್ತಕ ಅವಳೊಬ್ಬಳದೇ ಆದ ಮೊದಲ ಕೆಲಸ. ನಾನು ಕೋಲಾರದ ಟೊಮೆಟೊ ಹರಾಜಿನಲ್ಲಿದ್ದಾಗ ಫೋನು ಬಂತು. ಗಲಾಟೆಯಲ್ಲಿ ಕೇಳಿಸಿದ್ದು ಇಷ್ಟೇ: "ಕೊನೇ ಪುಟ ಬದಲಾಗಿದೆ. ಕೋಡಿ ಬರ್ಲಿ, ದೊಡ್ಡದಾಗಿ."

ತುಂಬಿದ ಕೆರೆಯ ನೀರು ಹೊರಗೆ ಹರಿಯುವ ಕೋಡಿ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅಮ್ಮ ಮುಳಬಾಗಿಲ ಕಡೆಯವಳು, ಮನೆಯಲ್ಲಿ ಕನ್ನಡ ತೆಲುಗು ಎರಡೂ ಬೆರೆತ ಮಾತು. ತೆಲುಗಿನಲ್ಲಿ ಕೋಡಿ ಎಂದರೆ ಕೋಳಿ. ಆ ಗಲಾಟೆಯಲ್ಲಿ ನನಗೆ ಹೊಳೆದದ್ದು ಅದೇ.

ಮನೆಗೆ ಬಂದು ತೋಳುಗಳನ್ನು ರೆಕ್ಕೆಯಂತೆ ಬಡಿದು ತೋರಿಸಿದೆ. "ಕೋಳಿ ಬೇಕಂತೆ. ದೊಡ್ಡದು."

"ಕೆರೆ ಕಥೆಗೆ ಕೋಳಿ ಯಾಕಣ್ಣ? ಇನ್ನೊಂದ್ಸಲ ಕೇಳು."

ಹೊರಗೆ ಹೋಗಿ ಬೀಡಿ ಸೇದಿ ಬಂದೆ. ಫೋನು ಮಾಡಲಿಲ್ಲ. ಇವನಿಗೆ ಒಂದು ಮಾತೂ ತಿಳಿಯದು ಎಂದು ಓದಿದವರು ಅಂದುಕೊಂಡಾರು ಎಂಬ ನಾಚಿಕೆ. "ಕೇಳ್ದೆ ಕಣೇ, ಕೋಳೀನೇ ಅಂತೆ" ಎಂದೆ.

ಅವಳು ಬರೆದ ಕೋಳಿ ಇನ್ನೂ ಕಣ್ಣಲ್ಲಿದೆ. ಕೆರೆಯೇ ತನ್ನ ಮೊಟ್ಟೆ ಎಂಬಂತೆ, ಏರಿಯುದ್ದಕ್ಕೂ ರೆಕ್ಕೆ ಹರಡಿ ಕಾವಿಗೆ ಕೂತ ಕೆಂಪು ಹೇಂಟೆ.

ಪ್ರಕಾಶಕರು ಸಿಟ್ಟಿನಲ್ಲಿ ಫೋನು ಮಾಡಿದರು. "ಏನ್ರೀ ಇದು? ಕೋಡಿ ಅಂದ್ರೆ ಕೋಳಿ ಬರೆದಿದ್ದಾರಲ್ಲ. ನೀವು ಹೇಳಿದ್ರೋ ಇಲ್ವೋ?"

"ಹೇಳ್ದೆ ಸಾರ್. ಅವಳಿಗೆ ಕಿವಿ ಕೇಳಲ್ವಲ್ಲ, ಏನೋ ಅಂದ್ಕೊಂಡವ್ಳೆ."

ಮಾತು ಮುಗಿಸಿ ನೋಡಿದರೆ ಎದುರಿನ ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ನನ್ನ ಬಾಯಿಯ ಮೇಲಿತ್ತು.

ಪುಸ್ತಕ ಬೇರೆಯವರ ಕೈಗೆ ಹೋಯಿತು. ಕಿವುಡಿಯ ಜೊತೆ ಕೆಲಸ ಕಷ್ಟ ಎಂಬ ಮಾತು ಹಬ್ಬಿತೋ ಏನೋ, ಬಹಳ ಕಾಲ ಯಾರೂ ಕೆಲಸ ಕೊಡಲಿಲ್ಲ. ಟೊಮೆಟೊ ಕ್ರೇಟುಗಳ ಮೇಲೆ ಮಂಡಿಯವರ ಹೆಸರು ಬರೆದುಕೊಂಡಿದ್ದಳು. ಆ ಕೆಲಸ ಕೊಡಿಸಿದವನೂ ನಾನೇ. ಅದನ್ನೊಂದು ಉಪಕಾರವೆಂದು ಎಲ್ಲರೆದುರು ಹೇಳಿಕೊಂಡೂ ಇದ್ದೆ.

ಈಗ ಮಾಲೂರಿನಲ್ಲಿದ್ದಾಳೆ. ಕೆಲಸದ ಮಾತೆಲ್ಲ ಅವಳ ಫೋನಿಗೇ ಮೆಸೇಜಾಗಿ ಬರುತ್ತದೆ. ಅವಳ ಪುಸ್ತಕಗಳನ್ನು ನನ್ನ ಮಗಳ ಶಾಲೆಯಲ್ಲಿ ನೋಡಿದ್ದೇನೆ. ನಮ್ಮ ಮನೆಗೆ ಒಂದೂ ಬಂದಿಲ್ಲ.

ಹೋದ ತಿಂಗಳು ತಪ್ಪೊಪ್ಪಿಕೊಳ್ಳಲೆಂದೇ ಹೋದೆ. ಕಾಫಿ ಕೊಟ್ಟಳು. "ಅವತ್ತು ಆ ಕೋಡಿ..." ಎಂದು ಶುರುಮಾಡಿದೆ. ಅವಳು ಎದ್ದು ಕಿಟಕಿಯ ಕಡೆ ಮುಖ ತಿರುಗಿಸಿ ನಿಂತಳು. ಎಲ್ಲವನ್ನೂ ಅವಳ ಬೆನ್ನಿಗೆ ಹೇಳಿ ಬಸ್ಸು ಹಿಡಿದೆ.