ಗಜೇಂದ್ರಗಡದಲ್ಲಿ ಕೊಟ್ಟುಬಂದ ಕಲ್ಲು

೨೦೦೪ರಲ್ಲಿ ನಾನು ಭೂವಿಜ್ಞಾನಿಯಾಗಿ ಮೂರು ತಿಂಗಳು ಗಜೇಂದ್ರಗಡದಲ್ಲಿ ಬೀಡುಬಿಟ್ಟಿದ್ದೆ. ಸುಮಾರು ಇನ್ನೂರೈವತ್ತು ಕೋಟಿ ವರ್ಷಗಳ ಹಿಂದೆ ಎರಡು ಭೂಖಂಡಗಳು ಬೆಸೆದುಕೊಂಡ ಗಡಿ ರೋಣ, ನರಗುಂದದ ಎರೆಮಣ್ಣಿನಡಿ ಎಲ್ಲೋ ಹಾದುಹೋಗಿದೆ ಎಂಬುದು ನಮ್ಮ ಊಹೆ. ಅದನ್ನು ಗುರುತಿಸುವುದು ನನ್ನ ಕೆಲಸ.

ಅದಕ್ಕೆ ಸಾಧನ ಸೀಸದ ಐಸೋಟೋಪುಗಳು, ಅಂದರೆ ತೂಕದಲ್ಲಿ ತುಸು ಹೆಚ್ಚುಕಡಿಮೆ ಇರುವ ಸೀಸದ ಪರಮಾಣುಗಳು. ಯುರೇನಿಯಂ ಕ್ಷಯಿಸಿ ಸೀಸವಾಗುತ್ತಲೇ ಇರುವುದರಿಂದ ಇವುಗಳ ಅನುಪಾತ ಕಾಲಕ್ರಮದಲ್ಲಿ ಏರುತ್ತದೆ. ಆದರೆ ಗೆಲೀನಾ ಎಂಬ ಸೀಸದ ಅದಿರು, ತಾನು ಹುಟ್ಟಿದಾಗಿನ ಅನುಪಾತವನ್ನೇ ಹಿಡಿದಿಟ್ಟುಕೊಳ್ಳುತ್ತದೆ. ನಾನು ಆರಿಸಿದ ಹಳೆಯ ಅದಿರಿನಲ್ಲಿ ಅದು ಹದಿಮೂರೂವರೆ. ಬ್ಯಾಟರಿ, ಬಣ್ಣಗಳ ಸೀಸದಲ್ಲಿ ಸಾಮಾನ್ಯವಾಗಿ ಹದಿನಾರರ ಮೇಲೆ. ಗಡಿಯ ಆಚೀಚಿನ ಅದಿರುಗಳಲ್ಲೂ ಇಂಥದೇ ವ್ಯತ್ಯಾಸ ಸಿಕ್ಕೀತೆಂದು ಹುಡುಕುತ್ತಿದ್ದೆವು.

ನಮ್ಮ ಜೀಪಿನ ಚಾಲಕ ಮಕ್ತುಮ್‌ಸಾಬ ಆ ಊರಿನವನೇ. ಹೊರಡುವ ದಿನ ಅವನ ತಾಯಿ ಅಮೀನಾಬಿ ಊಟಕ್ಕೆ ಕರೆದರು. ಬರಿಗೈಯಲ್ಲಿ ಹೋಗಬಾರದೆಂದು ನಿಂಬೆಹಣ್ಣಿನಷ್ಟು ದೊಡ್ಡ ಗೆಲೀನಾ ತುಂಡೊಂದನ್ನು ಕೊಟ್ಟೆ. ಬೆಳ್ಳಿಯಂತೆ ಹೊಳೆಯುತ್ತಿತ್ತು.

"ಭಾಳ ಚಲೋ ಐತ್ರಿ ಸಾಹೇಬ್ರ," ಎಂದರು. ನಾನೂ ಉಬ್ಬಿಹೋದೆ.

ನಾಲ್ಕು ತಿಂಗಳ ಮೇಲೆ ಮಕ್ತುಮ್‌ಸಾಬನ ಫೋನು ಬಂತು. ಅವನ ಎರಡು ವರ್ಷದ ಮಗಳು ಶಬಾನಾಳಿಗೆ ಫಿಟ್ಸ್ ಬಂದು ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದ್ದರು. ರಕ್ತದಲ್ಲಿ ಸೀಸ ವಿಪರೀತ ಹೆಚ್ಚಿತ್ತು.

"ನೀವು ಸೀಸದ ಮ್ಯಾಲ ಕೆಲಸ ಮಾಡಾವ್ರು. ಎಲ್ಲಿಂದ ಬಂತಂತ ಲಗೂ ಹೇಳ್ರಿ ಸಾಹೇಬ್ರ. ಹೆಂಗಾರ ನಮ್ಮ ಕೂಸು ಉಳೀಬೇಕು."

ಮರುದಿನವೇ ಹೋದೆ. ಅವರ ಮನೆಯ ಕೊಳವೆಬಾವಿಯ ನೀರು, ಗೋಡೆಯ ಬಣ್ಣ, ಕಲಾಯಿ ಪಾತ್ರೆಯಿಂದ ಕೆರೆದ ಪುಡಿ, ಮಗುವಿನ ರಕ್ತ ಎಲ್ಲವನ್ನೂ ಸಂಗ್ರಹಿಸಿದೆ. ಕಾರಣ ಪತ್ತೆಹಚ್ಚುವ ಜಾಣ ಬಂದಿದ್ದಾನೆಂಬ ಗತ್ತೂ ಇತ್ತು, ಸುಳ್ಳೇಕೆ ಹೇಳಲಿ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಮಜ್ಜಿಗೆ ಬಾನಿಗೆ ಬಿದ್ದಂತಾಯಿತು ನನ್ನ ಕಥೆ.

ಐದನೆಯ ದಿನ ನಮ್ಮ ಪ್ರಯೋಗಾಲಯದಲ್ಲಿ ಐಸೋಟೋಪುಗಳನ್ನು ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿನ ಫಲಿತಾಂಶ ಬಂತು. ನೀರು, ಬಣ್ಣ, ಪಾತ್ರೆ ಯಾವುದೂ ರಕ್ತದೊಂದಿಗೆ ಹೊಂದಲಿಲ್ಲ. ರಕ್ತದ ಅನುಪಾತ ಹದಿನಾಲ್ಕರೊಳಗಿತ್ತು. ಅಂಥ ಸೀಸ ಅಂಗಡಿಯಲ್ಲಿ ಸಿಗುವುದಿಲ್ಲ. ಅದು ನಾನು ಕೊಟ್ಟ ಕಲ್ಲು.

ಅರ್ಧ ಗಂಟೆ ಯಂತ್ರದಲ್ಲಿ ತಪ್ಪು ಹುಡುಕಿದೆ. ಆ ಅಂಕಿಯ ಅರ್ಥ ನನ್ನೊಬ್ಬನಿಗೇ ಗೊತ್ತು, ಸುಮ್ಮನಿದ್ದರೆ ಯಾರಿಗೂ ತಿಳಿಯದು ಎಂಬ ಯೋಚನೆಯೂ ಬಂತು. ಇಂದಿಗೂ ನನಗೆ ಹೆದರಿಕೆಯಾಗುವುದು ಆ ಅರ್ಧ ಗಂಟೆಯನ್ನು ನೆನೆದರೆ. ಕೊನೆಗೆ ಮಕ್ತುಮ್‌ಸಾಬನ ಮೊಬೈಲಿಗೆ ಫೋನು ಮಾಡಿದೆ. ಅಮೀನಾಬಿ ಎತ್ತಿಕೊಂಡರು. ಆ ಕಲ್ಲು ಎಲ್ಲಿದೆ ಎಂದು ಕೇಳಿದೆ.

"ಅದನ್ನ ಅರದು ಸುರ್ಮಾ ಮಾಡೀನ್ರಿ. ದಿನಾ ಕೂಸಿನ ಕಣ್ಣಿಗೆ ಹಚ್ಚತೀನಿ. ಇಲ್ಲೆ ದವಾಖಾನ್ಯಾಗೂ ಈಗ ಹಚ್ಚೀನಿ, ದೃಷ್ಟಿ ಆಗಬಾರದಂತ."

"ಒರೆಸಿಬಿಡಿ ಅಮ್ಮಾ, ಈಗಲೇ. ಕೈ ತೊಳೆಸಿ. ಅದು ವಿಷ," ಎಂದೆ. ಕಣ್ಣುಜ್ಜಿದ ಕೈ ಮಗುವಿನ ಬಾಯಿಗೆ ಹೋಗುತ್ತಿತ್ತು.

ಸಂಜೆಯ ಹೊತ್ತಿಗೆ ಹುಬ್ಬಳ್ಳಿ ತಲುಪಿದೆ. ವೈದ್ಯರ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಮಕ್ತುಮ್‌ಸಾಬ ಮುಖ ತಿರುಗಿಸಿ ಕುಳಿತ. ಅಮೀನಾಬಿ ಮಾತ್ರ ನನ್ನನ್ನೇ ನೋಡುತ್ತಿದ್ದರು.

"ಅದರಾಗ ವಿಷ ಐತಂತ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಕೊಡೂ ಮುಂದ ಒಂದ ಮಾತು ಹೇಳಬೇಕಿತ್ತಲ್ರಿ."

ಆ ಕಲ್ಲಿನ ವಯಸ್ಸು, ಹುಟ್ಟು ಎಲ್ಲವನ್ನೂ ಬಲ್ಲವನು ಅದು ಸೇರಲಿದ್ದ ಮನೆಯ ಬಗ್ಗೆ ಯೋಚಿಸಿರಲಿಲ್ಲ. ತಿಳಿದವನು ತನ್ನ ತಿಳಿವಳಿಕೆಯನ್ನು ಮೊದಲು ಹೇಳಬೇಕಾದ್ದು ತನ್ನ ಕೈಯಿಂದ ವಸ್ತುವನ್ನು ಪಡೆಯುವವರಿಗೆ. ವೃತ್ತಿ ನನಗೆ ಕಲಿಸಿದ್ದು ಇಷ್ಟೇ, ಅದೂ ಬೇರೆಯವರ ಮಗುವಿನ ಮೇಲೆ. ಶಬಾನಾ ಬದುಕಿದಳು. ಆದರೆ ಸೀಸ ಕಸಿದ ಮಾತು ಮರಳಿ, ಮತ್ತೆ ಅಪ್ಪ ಎನ್ನಲು ಅವಳಿಗೆ ಐದು ವರ್ಷ ತುಂಬಬೇಕಾಯಿತು.