ಮಮ್ಮಾಲಿಯ ಬಲಗೈ ತುತ್ತು

ಮಂಜೇಶ್ವರ ಪೇಟೆಯಲ್ಲಿ ಕೊಡೆ ರಿಪೇರಿ ಮಾಡುವ ಮಮ್ಮಾಲಿ ಹಟದ ಆಸಾಮಿ. ತಲೆಯೊಳಗೆ ನರ ಒಡೆದು ಬಲಗೈ ಬಿದ್ದುಹೋದಾಗ, ಆಸ್ಪತ್ರೆಯ ಮಂಚದಲ್ಲೇ ಎಡಗೈಯನ್ನು ಪಳಗಿಸಲು ಹೊರಟ. ಅಂಗಿಯ ಗುಂಡಿ ಹಾಕುವುದು, ಬೀಗ ತೆಗೆಯುವುದು, ಕೊನೆಗೆ ನೂಲನ್ನು ಹಲ್ಲಲ್ಲಿ ಕಚ್ಚಿ ಕೊಡೆಯ ಕಡ್ಡಿಗೆ ಗಂಟು ಬಿಗಿಯುವುದನ್ನೂ ಎಂಟು ತಿಂಗಳಲ್ಲಿ ಕಲಿತ. ಪೇಟೆಯವರು ಬಾಯ್ತುಂಬ ಹೊಗಳಿದರು. ಆ ಹೊಗಳಿಕೆ ಅವನ ನೆತ್ತಿಗೇರಿತು.

ಒಂದು ಮಾತ್ರ ಆಗಲಿಲ್ಲ. ಅವನ ಜನವಾದ ಬ್ಯಾರಿ ಮುಸ್ಲಿಮರ ಮದುವೆಯೂಟದಲ್ಲಿ ನಾಲ್ವರು ಸುತ್ತ ಕೂತು ಒಂದೇ ಹರಿವಾಣಕ್ಕೆ ಕೈಹಾಕುತ್ತಾರೆ. ಅದಕ್ಕೆ ಎಡಗೈ ಇಳಿಯುವಂತಿಲ್ಲ. ಹೆಂಡತಿ ಉಮ್ಮಾಲಿಮ್ಮ ತೀರಿದ ಮೇಲೆ ಅವನು ಜನರ ನಡುವೆ ಉಣ್ಣುತ್ತಿದ್ದುದು ಅಲ್ಲಿ ಮಾತ್ರ. ಈಗ ಕರೆದಲ್ಲೆಲ್ಲ ಹೊಟ್ಟೆ ಸರಿಯಿಲ್ಲವೆಂದು ನೆಪ ಹೇಳಿ, ಬಾಗಿಲು ಹಾಕಿಕೊಂಡು, ಎಡಗೈಯಲ್ಲಿ ಚಮಚ ಹಿಡಿದು ಗಂಜಿ ಉಂಡ.

ವ್ಯಾಯಾಮ ಹೇಳಿಕೊಡಲು ಪಂಚಾಯತಿನಿಂದ ಹೊಸದಾಗಿ ಬಂದ ಭವ್ಯಶ್ರೀಗೂ ಗಂಟು ಬಿಗಿದು ತೋರಿಸಿದ.

“ಭಾರೀ ಲಾಯ್ಕ ಉಂಟು ಕಾಕ. ಆದರೆ ನಿಮ್ಮ ಬಲಗೈಯನ್ನು ಮಲಗಿಸಿದ್ದು ಇದೇ.”

“ಎಂತ ಹೇಳ್ತೀ ಮಗಳೇ?”

“ಬಲಗೈ ಬೆರಳು ಈಗಲೂ ಒಂಚೂರು ಅಲುಗುತ್ತದಲ್ಲ, ಮಂಡೆಯಲ್ಲಿ ಅದಕ್ಕೂ ಒಂದು ಜಾಗ ಉಂಟು. ಎಲ್ಲ ಕೆಲಸ ಎಡಗೈಯೇ ಮಾಡಿದರೆ ಅದು ಎಚ್ಚರ ಆಗುವುದು ಯಾವಾಗ? ದಿನಕ್ಕೆ ಮೂರು ಗಂಟೆ ಎಡಗೈಯನ್ನು ಕಟ್ಟಿಡಿ.”

ಕಟ್ಟಿಟ್ಟ. ಬೆಳಗಿನ ಹೊತ್ತು ಅಂಗಡಿ ಮುಚ್ಚಿತು, ಹೊಗಳುವವರೂ ಇಲ್ಲವಾದರು. ಒಬ್ಬನೇ ಕೂತು ಬಲಗೈಯಲ್ಲಿ ಕಡಲೆ ಹೆಕ್ಕಿದ. ಮೂಗಿನ ಮೇಲೆ ನೊಣ ಕೂತರೆ ಓಡಿಸಲೂ ಗತಿಯಿರಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಗೆಳೆಯ ಬಾಸಿತನ ಮಗಳು ರಂಶೀನಾಳ ಮದುವೆ. ಮಮ್ಮಾಲಿ ಹೋಗಿ, ಹಳೆಯ ಪರಿಚಯದ ಮೂವರ ಜೊತೆ ಹರಿವಾಣಕ್ಕೆ ಕೂತ. ಮೊದಲ ತುತ್ತು ಅರ್ಧ ದಾರಿಯಲ್ಲಿ ಸುರಿಯಿತು. ಎರಡನೆಯದು ಗಡ್ಡಕ್ಕೆ. ಮೂರನೆಯದು ಬಾಯಿಗೆ.

“ಗಡ್ಡಕ್ಕೂ ಮದುವೆಯೂಟ ಹಾಕಿದೆಯಲ್ಲ ಮಾರಾಯ!” ಎಂದು ಒಬ್ಬ ನಕ್ಕ. ಮಮ್ಮಾಲಿಯೂ ನಕ್ಕ.

ಜೊತೆಯವನು ಉಣ್ಣುತ್ತಿರುವಾಗ ಏಳಬಾರದೆಂದು ಮೂವರೂ ಕಾದರು. ಉಂಡು ಮುಗಿಸಿದ ಅವರ ಬೆರಳು ಒಣಗಿತು. ಒಬ್ಬನಿಗೆ ಫೋನ್ ಬಂತು, ಇನ್ನೊಬ್ಬನಿಗೆ ಬಸ್ಸಿನ ಹೊತ್ತಾಯಿತು. ಮೂರನೆಯವನು ಸುಮ್ಮನೆ ಎದ್ದ.

ಬಾಸಿತ್ ಓಡಿ ಬಂದ. “ಚಮಚ ತರಲಾ ಮಮ್ಮಾಲಿಚ್ಚ?”

“ಬೇಡ. ನೀನು ಕೂತುಕೋ.”

“ಮದುಮಗನ ಕಡೆಯವರು ಬಂದಿದ್ದಾರೆ, ಈಗ ಬಂದೆ,” ಎಂದು ಹೋದವನು ಜನರಲ್ಲಿ ಸೇರಿಹೋದ.

ನಾಲ್ವರ ಹರಿವಾಣದಲ್ಲಿ ತುಪ್ಪದನ್ನ ಅರ್ಧಕ್ಕರ್ಧ ಉಳಿದಿತ್ತು. ಮಮ್ಮಾಲಿ ಬಲಗೈ ಇಳಿಸಿ ಇನ್ನೊಂದು ತುತ್ತು ಎತ್ತಿದ. ಒಂದು ಅಗುಳೂ ಚೆಲ್ಲಲಿಲ್ಲ. ನೋಡಲು ಯಾರೂ ಇರಲಿಲ್ಲ.